ಭತ್ತಕ್ಕೆ ಜೈವಿಕ ಗೊಬ್ಬರ ಬಳಸಿದರೆ ಯೂರಿಯಾ ಎಷ್ಟು ಇಳಿಸಬಹುದು?

ಪ್ರಶ್ನೆ: ನಮಸ್ಕಾರ ಮೇಡಂ. ಮಂಡ್ಯ ಜಿಲ್ಲೆಯಲ್ಲಿ ನಾಲೆಯ ನೀರಿನಿಂದ ಎರಡು ಎಕರೆ ಭತ್ತ ಬೆಳೆಯುತ್ತೇನೆ. ರೈಜೋಬಿಯಂ ಪೊಟ್ಟಣಗಳನ್ನು ಯೂರಿಯಾದೊಡನೆ ಬೆರೆಸಿ ಎರಚಿದರೆ ಗೊಬ್ಬರವನ್ನು ಅರ್ಧಕ್ಕೆ ಇಳಿಸಬಹುದೆಂದು ಅಂಗಡಿಯವರು ಹೇಳುತ್ತಿದ್ದಾರೆ. ಈ ಮಾತನ್ನು ನಂಬಬಹುದೇ? ಒಟ್ಲು (ಸಸಿಮಡಿ) ಹಾಕಿ ಒಂದು ವಾರವಾಗಿದೆ.

ಉತ್ತರ: ನಮಸ್ಕಾರ. ಆ ಪೊಟ್ಟಣಗಳನ್ನು ದಯವಿಟ್ಟು ಹಿಂದಿರುಗಿಸಿ. ರೈಜೋಬಿಯಂ ತೊಗರಿ, ಅವರೆ, ಅಲಸಂದೆಯಂತಹ ದ್ವಿದಳ ಬೆಳೆಗಳ ಬೇರುಗಂಟಿನಲ್ಲಿ ಸಾರಜನಕ ಸ್ಥಿರೀಕರಿಸುವ, ಅಂದರೆ ಗಾಳಿಯ ಸಾರಜನಕವನ್ನು ಬೆಳೆಗೆ ಸಿಗುವಂತೆ ಮಾಡುವ, ಜೀವಿ. ಭತ್ತದ ಬೇರಿನಲ್ಲಿ ಅದು ಗಂಟು ಕಟ್ಟುವುದಿಲ್ಲ. ಭತ್ತಕ್ಕೆ ಬೇಕಾದದ್ದು ಅಜೋಸ್ಪಿರಿಲಂ ಎಂಬ ಬ್ಯಾಕ್ಟೀರಿಯಾ, ಅದರ ಜೊತೆಗೆ ರಂಜಕ ಕರಗಿಸುವ ಬ್ಯಾಕ್ಟೀರಿಯಾ. ಅಜೋಸ್ಪಿರಿಲಂ ಬೇರಿನ ಸುತ್ತ ನೆಲೆಸಿ ಸಾರಜನಕ ಒದಗಿಸುವುದಲ್ಲದೆ, ಬೇರು ಕವಲೊಡೆಯಲು ನೆರವಾಗುವ ಹಾರ್ಮೋನನ್ನೂ ಸ್ರವಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಭತ್ತದಲ್ಲಿ ಇದರ ಲಾಭದ ದೊಡ್ಡ ಪಾಲು ಈ ಎರಡನೆಯ ಕೆಲಸದಿಂದಲೇ ಬರುತ್ತದೆ.

ಅರ್ಧಕ್ಕೆ ಇಳಿಸುವುದು ಅತಿಯಾಯಿತು. ನೀರಾವರಿ ಭತ್ತಕ್ಕೆ ನಿಮ್ಮ ಭಾಗದಲ್ಲಿ ಹೆಕ್ಟೇರಿಗೆ 100 ಕಿಲೋ ಸಾರಜನಕದ ಶಿಫಾರಸು ಇದೆ, ಅಂದರೆ ಎಕರೆಗೆ 40 ಕಿಲೋ. ಯೂರಿಯಾದಲ್ಲಿ ಸಾರಜನಕ ಶೇಕಡಾ 46 ಮಾತ್ರ ಇರುವುದರಿಂದ, 45 ಕಿಲೋ ತೂಕದ ಯೂರಿಯಾ ಚೀಲದ ಲೆಕ್ಕದಲ್ಲಿ ಇದು ಸುಮಾರು ಎರಡು ಚೀಲ. ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ರಸಗೊಬ್ಬರ) ಹಾಕುವವರಾದರೆ ಅದರಲ್ಲಿರುವ ಶೇಕಡಾ 18ರಷ್ಟು ಸಾರಜನಕವನ್ನೂ ಇದರಲ್ಲಿಯೇ ಕಳೆಯಬೇಕು, ಇದನ್ನು ಬಹುತೇಕರು ಮರೆಯುತ್ತಾರೆ. ಮೊದಲ ವರ್ಷ ಕಾಲು ಭಾಗಕ್ಕಿಂತ ಹೆಚ್ಚು, ಅಂದರೆ ಎಕರೆಗೆ ಸುಮಾರು 22 ಕಿಲೋ ಯೂರಿಯಾಕ್ಕಿಂತ ಹೆಚ್ಚು, ಕಡಿತ ಮಾಡಬೇಡಿ. ಆ ಕಡಿತವನ್ನು ತಳಗೊಬ್ಬರದಲ್ಲಿಯೇ, ಅಂದರೆ ನಾಟಿಯ ಹೊತ್ತಿಗೆ ಹಾಕುವ ಕಂತಿನಲ್ಲಿಯೇ, ಮಾಡುವುದು ಒಳ್ಳೆಯದು, ಏಕೆಂದರೆ ಮಣ್ಣಿನಲ್ಲಿ ಅಮೋನಿಯಾ ರೂಪದ ಸಾರಜನಕ ತುಂಬಿಕೊಂಡಿರುವಾಗ ಈ ಜೀವಿಗಳು ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸವನ್ನೇ ನಿಲ್ಲಿಸಿಬಿಡುತ್ತವೆ. ಮುಂದೆ ಬೆಳೆಯ ನಡುವೆ ಹಾಕುವ ಮೇಲುಗೊಬ್ಬರವನ್ನು, ಪೈರಿನ ಎಲೆಯನ್ನು ಎಲೆ ಬಣ್ಣದ ಪಟ್ಟಿಯೊಡನೆ (ಹಸಿರಿನ ಬೇರೆ ಬೇರೆ ಛಾಯೆಗಳಿರುವ ಪಟ್ಟಿ) ಹೋಲಿಸಿ ನೋಡಿ ನಿರ್ಧರಿಸಿ.

ನಾಟಿಯ ದಿನ ಎಕರೆಗೆ 800 ಗ್ರಾಂ ಅಜೋಸ್ಪಿರಿಲಂ ಪುಡಿಯನ್ನು ಸುಮಾರು 16 ಲೀಟರ್ ನೀರಿನಲ್ಲಿ ಕದಡಿ, ಕಿತ್ತ ಸಸಿಗಳ ಬೇರನ್ನು ಅದರಲ್ಲಿ 20ರಿಂದ 30 ನಿಮಿಷ ಅದ್ದಿಡಿ. ಇನ್ನಷ್ಟನ್ನು ಪುಡಿಯಾದ, ತಣ್ಣಗಿರುವ ಕೊಟ್ಟಿಗೆ ಗೊಬ್ಬರದೊಡನೆ ನೆರಳಿನಲ್ಲಿ ಬೆರೆಸಿ ಸಂಜೆ ಗದ್ದೆಗೆ ಎರಚಬಹುದು. ಯೂರಿಯಾದೊಡನಾಗಲಿ, ಶಿಲೀಂಧ್ರನಾಶಕದೊಡನಾಗಲಿ ಬೆರೆಸಲೇಬಾರದು. ಪುಡಿ ರೂಪದ ಗೊಬ್ಬರದ ಒಂದು ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕೆಂದು ರಸಗೊಬ್ಬರ ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಬಿಸಿಲಿಗೆ ಒಡ್ಡಿದ ಅಂಗಡಿಯ ಕಪಾಟಿನಲ್ಲಿ ಆ ಸಂಖ್ಯೆ ಬೇಗ ಕುಸಿಯುತ್ತದೆ. ಆದ್ದರಿಂದ ಬ್ರಾಂಡಿನ ಹೆಸರಿಗಿಂತ ಮೊದಲು ತಯಾರಿಕೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ ಮತ್ತು ಅಂಗಡಿಯವರು ಅದನ್ನು ಎಲ್ಲಿ ಇಟ್ಟಿದ್ದರು ಎಂಬುದನ್ನು ನೋಡಿ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಇದಕ್ಕಿಂತ ನೀರಿನ ಮೇಲೆ ತೇಲುವ ಅಜೋಲಾ ಸಸ್ಯವನ್ನು ಗದ್ದೆಗೆ ಬಿಡುವುದು ಸುಲಭವಲ್ಲವೇ ಮೇಡಂ?

ಉತ್ತರ: ನೀರು ಸದಾ ನಿಲ್ಲುವ ಗದ್ದೆಯಾದರೆ ಸುಲಭ. ಅಜೋಲಾದ ಎಲೆಯೊಳಗೆ ವಾಸಿಸುವ ಅನಬೀನಾ ಎಂಬ ನೀಲಿ-ಹಸಿರು ಪಾಚಿ ಸಾರಜನಕವನ್ನು ಸ್ಥಿರೀಕರಿಸುತ್ತದೆ. ನಾಟಿಯಾದ ಒಂದು ವಾರಕ್ಕೆ ಎಕರೆಗೆ ಸುಮಾರು 200 ಕಿಲೋ ಹಸಿ ಅಜೋಲಾ ಬಿಟ್ಟರೆ ಎರಡು ಮೂರು ವಾರಗಳಲ್ಲಿ ಗದ್ದೆಯನ್ನು ಮುಚ್ಚುತ್ತದೆ. ಆಗ ನೀರು ಬಸಿದು ಅದನ್ನು ಮಣ್ಣಿಗೆ ತುಳಿಯಬೇಕು. ತೇಲುತ್ತಿರುವಷ್ಟು ಕಾಲ ಅದು ಪೈರಿಗೆ ಕೊಡುವುದು ಅತ್ಯಲ್ಪ, ಕೊಳೆತ ಮೇಲೆಯೇ ಅದರ ಸಾರಜನಕ ಬಿಡುಗಡೆಯಾಗುತ್ತದೆ. ನಾಲೆಯ ನೀರನ್ನು ಸರದಿಯ ಮೇಲೆ ಬಿಟ್ಟು ನಿಲ್ಲಿಸುವ ಕಡೆ ಗದ್ದೆ ಒಣಗಿದರೆ ಅದು ಉಳಿಯುವುದಿಲ್ಲ, ಕಡು ಬೇಸಿಗೆಯಲ್ಲಿಯೂ ಸೊರಗುತ್ತದೆ. ರಂಜಕ ಸಾಲದಿದ್ದರೆ ಕೆಂಪಾಗಿ ಬೆಳವಣಿಗೆ ನಿಲ್ಲಿಸುತ್ತದೆ.

ಮೊದಲ ಪ್ರಶ್ನೆ ಕೇಳಿದವರು: ಧನ್ಯವಾದಗಳು ಮೇಡಂ. ಒಟ್ಲಿಗೆ ಬೀಜ ಹಾಕುವಾಗ ಕಾರ್ಬೆಂಡಜಿಂ ಎಂಬ ಶಿಲೀಂಧ್ರನಾಶಕದಿಂದ ಬೀಜೋಪಚಾರ ಮಾಡಿದ್ದೆ. ಅದರಿಂದ ಬೇರು ಅದ್ದುವುದಕ್ಕೆ ತೊಂದರೆಯಾಗುವುದೇ?

ಉತ್ತರ: ಇಲ್ಲ. ನಾಟಿಯ ಹೊತ್ತಿಗೆ ಸಸಿಗಳಿಗೆ ಮೂರು ವಾರ ತುಂಬಿರುವುದರಿಂದ ಆತಂಕ ಬೇಡ. ಬೀಜಕ್ಕೇ ಅಜೋಸ್ಪಿರಿಲಂ ಲೇಪಿಸುವುದಾಗಿದ್ದರೆ ಮಾತ್ರ ಶಿಲೀಂಧ್ರನಾಶಕದ ಉಪಚಾರವನ್ನು ಮೊದಲು ಮುಗಿಸಿ, ಮರುದಿನ ಜೈವಿಕ ಗೊಬ್ಬರವನ್ನು ಹಚ್ಚಬೇಕಿತ್ತು.