ಚಿಂಚವಾಡಗಾಂವ್‌ನ ಹೊಳೆದಂಡೆ, ಗಿರಣಿ, ನೀರಿನ ಟಾಕಿ: ಫೋಟೊ ಸರಿಯಾಗಿ ಬರಲು ಏನು ಮಾಡಬೇಕು?

ಪವನಾತೀರ:
ನಮಸ್ಕಾರ. ಪುಣೆ ಹತ್ತಿರ ಪವನಾ ಹೊಳೆದಂಡೆಯ ಚಿಂಚವಾಡಗಾಂವ್‌ನಲ್ಲಿ ಯಾರಿಗಾದರೂ ದಾರಿ ಹೇಳುವಾಗ ಬಾಯಿಗೆ ಬರುವ ಜಾಗಗಳನ್ನೇ ಸರಣಿಯಾಗಿ ತೆಗೆಯಬೇಕು ಅಂತಿದೆ: ಗಣಪತಿ ಭಕ್ತ ಸಂತ ಮೋರಯಾ ಗೋಸಾವಿಯ ಸಮಾಧಿ ಮಂದಿರ, ಘಾಟು, ಅರಳಿಕಟ್ಟೆ, ಹಿಟ್ಟಿನ ಗಿರಣಿ, ನೀರಿನ ಟಾಕಿ. ಇರೋದು ಮೊಬೈಲು ಮತ್ತು 18-55 ಎಂಎಂ ಜೂಮ್ ಲೆನ್ಸಿನ ಹಳೇ ಕ್ಯಾಮೆರಾ. ಟಾಕಿ ಹಿಂದಕ್ಕೆ ವಾಲಿದ ಹಾಗೆ ಬರುತ್ತೆ. ಕರಿಕಲ್ಲು ಬೂದಿ ಬಣ್ಣವಾಗುತ್ತೆ, ಇಲ್ಲಾಂದ್ರೆ ಆಕಾಶ ಪೂರ್ತಿ ಬೆಳ್ಳಗೆ. ರಾತ್ರಿ ಅಂಗಡಿ ಬೋರ್ಡಿನ ಮೇಲೆ ಪಟ್ಟೆ ಪಟ್ಟೆ. ಏನು ಮಾಡಲಿ?

ಕರಿಕಲ್ಲು:
ಟಾಕಿ ವಾಲೋದು ಲೆನ್ಸಿನ ತಪ್ಪಲ್ಲ, ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದ್ದರ ಫಲ. ಹಿಂದಕ್ಕೆ ಹೋಗಿ, ಜೂಮನ್ನು 35ರಿಂದ 55 ಎಂಎಂ ನಡುವೆ ಇಟ್ಟುಕೊಂಡು ಕ್ಯಾಮೆರಾ ನೆಟ್ಟಗೆ ಹಿಡಿಯಿರಿ. ಕೆಳಗೆ ರಸ್ತೆ ಜಾಸ್ತಿ ಬರುತ್ತೆ, ಬರಲಿ, ಆಮೇಲೆ ಕತ್ತರಿಸಿ. ಮೊಬೈಲಿನಲ್ಲಾದರೆ 2ಎಕ್ಸ್ ಜೂಮ್, ಅಲ್ಟ್ರಾವೈಡ್ ಲೆನ್ಸ್ ಮುಟ್ಟಲೇಬೇಡಿ. ಓಣಿ ಇಕ್ಕಟ್ಟಾಗಿದ್ದರೆ ಎದುರು ಕಟ್ಟಡದ ಎರಡನೇ ಮಹಡಿ ಮೆಟ್ಟಿಲೇ ಗತಿ. ಆ್ಯಪ್‌ನಲ್ಲಿ ನೆಟ್ಟಗೆ ಮಾಡುವ ಯೋಚನೆ ಇದ್ದರೆ ಸುತ್ತ ಧಾರಾಳ ಜಾಗ ಬಿಟ್ಟು ತೆಗೆಯಿರಿ, ತಿದ್ದುವಾಗ ಅಂಚು ಹೋಗುತ್ತೆ.

ಕಲ್ಲಿನ ವಿಷಯ: ಕ್ಯಾಮೆರಾದ ಬೆಳಕು ಅಳೆಯುವ ಮೀಟರು ಏನೇ ಕಂಡರೂ ಅದನ್ನು ನಡುಮಟ್ಟದ ಬೂದಿ ಬಣ್ಣಕ್ಕೆ ತರಲು ನೋಡುತ್ತೆ. ಫ್ರೇಮ್ ತುಂಬ ಕರಿಕಲ್ಲೇ ಇದ್ದಾಗ ಬೆಳಕು ಹೆಚ್ಚಿಸಿಬಿಡುತ್ತೆ, ಆಗ ಎಕ್ಸ್‌ಪೋಷರ್ (ಫೋಟೊಗೆ ಬಿಡುವ ಬೆಳಕು) -2/3 ಅಥವಾ -1ಕ್ಕೆ ಇಳಿಸಿ. ಹಿಂದೆ ಮೋಡದ ಆಕಾಶ ದೊಡ್ಡದಾಗಿದ್ದರೆ ಉಲ್ಟಾ, ಕಲ್ಲು ಮಸಿಯಾಗುತ್ತೆ. ಅಂಥ ಕಡೆ ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಫೈಲ್) ಆಕಾಶ ಸುಡದಷ್ಟಕ್ಕೆ ಎಕ್ಸ್‌ಪೋಷರ್ ನಿಲ್ಲಿಸಿ ನೆರಳನ್ನು ಆಮೇಲೆ ಎತ್ತಿ. ಜೆಪೆಗ್‌ನಲ್ಲಿ ಅಷ್ಟು ಎತ್ತಿದರೆ ಕಲ್ಲಿನ ಮೇಲೆ ಬಣ್ಣದ ಕಲೆ ಏಳುತ್ತೆ.

ಆಚೆದಂಡೆ:
ಮಂದಿರದ ಹೊಳೆ ಕಡೆಯ ನೋಟ ಬೇಕಾದರೆ ಹೊಳೆಯಾಚೆಯ ಥೇರ್‌ಗಾಂವ್ ದಂಡೆಗೆ ಹೋಗಿ, ಅದೂ ಸಂಜೆ ನಾಲ್ಕರ ಮೇಲೆ. ಬೆಳಿಗ್ಗೆ ಆ ಕಡೆಯಿಂದ ಸೂರ್ಯ ಎದುರಿಗೇ ಇರುತ್ತಾನೆ.

ಪೋಲರೈಸರ್ (ಹೊಳಪು, ಪ್ರತಿಬಿಂಬ ತಗ್ಗಿಸುವ ಫಿಲ್ಟರ್) ಕೊಳ್ಳುವ ಮುಂಚೆ ಯೋಚಿಸಿ. ಒಂದೂವರೆ ಸ್ಟಾಪ್ ಬೆಳಕು ನುಂಗುತ್ತೆ, ಅಂದರೆ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಒಳಗೆ ಬರುತ್ತೆ. ಅದಿರಲಿ, ನೀರಿನ ಮೇಲಿನ ಪ್ರತಿಬಿಂಬ ತೆಗೆದರೆ ಪವನೆಯಲ್ಲಿ ಕಾಣೋದು ತಳದ ಪ್ಲಾಸ್ಟಿಕ್ಕು! ಇಲ್ಲಿ ಪ್ರತಿಬಿಂಬ ಇದ್ದರೇನೇ ಚೆಂದ. ಎಲೆಗೆಲ್ಲ ಮಳೆ ನೀರಿನ ಹೊಳಪಿದ್ದಾಗ ಮಾತ್ರ ಹಾಕಿ, ಹಸಿರು ಎದ್ದು ಬರುತ್ತೆ. ಬೇಸಿಗೆಯಲ್ಲಿ ಜಲಕುಂಭಿ (ನೀರಲ್ಲಿ ತೇಲುವ ಕಳೆಗಿಡ) ಹೊಳೆ ಮುಚ್ಚಿದಾಗ ಲಾಂಗ್ ಎಕ್ಸ್‌ಪೋಷರ್, ಅಂದರೆ ಶಟರ್ ತುಂಬ ಹೊತ್ತು ತೆರೆದಿಡೋದು, ಬೇಡ. ಗಿಡ ತೇಲುತ್ತಾ ಹಸಿರು ಗಂಜಿಯ ಹಾಗೆ ಕಲಸಿಹೋಗುತ್ತೆ, ಶಟರ್ ವೇಗ 1/250 ಸೆಕೆಂಡಿಗೆ ಏರಿಸಿ.

ಮಳೆಗಾಲದಲ್ಲಿ ಪವನಾ ಡ್ಯಾಮಿನಿಂದ ನೀರು ಬಿಟ್ಟರೆ ಮಂದಿರದ ಆವರಣಕ್ಕೇ ನುಗ್ಗುತ್ತೆ. ಆಗ ಘಾಟಿನ ಮೆಟ್ಟಿಲಿಗೆ ಇಳಿಯಬೇಡಿ, ಪಾಚಿ ಕಣ್ಣಿಗೆ ಕಾಣಲ್ಲ. ಮನೆಗೆ ಬಂದು ಲೆನ್ಸನ್ನು ಬ್ಯಾಗಲ್ಲೇ ಬಿಟ್ಟರೆ ಫಂಗಸ್. ಒರೆಸಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.

ಇನ್ನೊಂದು: ಘಾಟಿನಲ್ಲಿ ದಶಕ್ರಿಯೆ (ಸತ್ತವರ ಹತ್ತನೇ ದಿನದ ಕರ್ಮ) ನಡೆಯುತ್ತಿದ್ದರೆ ಕ್ಯಾಮೆರಾ ಒಳಗೆ. ತೆಗೆಯಲಾ ಅಂತ ಕೇಳೋದೂ ಬೇಡ.

ಶಟರ್‌ಕಾಕಾ:
ಪಟ್ಟೆ ಬರೋದು ಎಲ್‌ಇಡಿಯಿಂದ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತೆ. ಶಟರ್ 1/100 ಅಥವಾ 1/50 ಇಡಿ, ಬಹುಪಾಲು ಹೋಗುತ್ತೆ. ಓಡುವ ಅಕ್ಷರದ ಬೋರ್ಡು ಬೇರೆ ಲೆಕ್ಕ: 1/25ರಿಂದ ಶುರು ಮಾಡಿ, ಅಕ್ಷರ ಪೂರ್ತಿ ಬರುವವರೆಗೆ ಬದಲಿಸುತ್ತಾ ಹೋಗಿ.

ಗಿರಣಿಗೆ ಮಧ್ಯಾಹ್ನ ಒಂದರಿಂದ ನಾಲ್ಕು ಹೋಗಬೇಡಿ, ಪುಣೆ ಅಲ್ವಾ, ಶಟರ್ ಎಳೆದಿರುತ್ತಾರೆ. ಕೆಲಸ ನಡೆಯುವಾಗ ಹೋಗಿ, ಬಾಗಿಲ ಹೊರಗೆ ನಿಂತು ಬಗ್ಗಿ ತೆಗೆಯಿರಿ: ಸಾಲಾಗಿಟ್ಟ ಡಬ್ಬಿಗಳು, ಗೋಣಿಯ ಮೇಲಿನ ಹಿಟ್ಟು, ತಕ್ಕಡಿ, ಎಲ್ಲ ಆ ಎತ್ತರದಲ್ಲೇ ಸಿಗುತ್ತೆ. ಒಳಗೆ ಲೆನ್ಸ್ ಬದಲಿಸಿದರೆ ಸೆನ್ಸರ್ ಮೇಲೆ ಹಿಟ್ಟು ಕೂರುತ್ತೆ, ಆಮೇಲೆ ಯಾರನ್ನೂ ಬೈಯಬೇಡಿ.

ಆನ್‌ಲೈನ್‌ನಲ್ಲಿ ಹಾಕುವುದಾದರೆ: 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ ಪ್ರಕಾರ ಕಟ್ಟಡದ ಫೋಟೊಗೂ, ಸಾರ್ವಜನಿಕ ಜಾಗದಲ್ಲಿ ಕಾಯಂ ಇರುವ ಶಿಲ್ಪದ ಫೋಟೊಗೂ ತೊಡಕಿಲ್ಲ. ಗೋಡೆಚಿತ್ರಕ್ಕೆ ಆ ರಿಯಾಯಿತಿ ಇಲ್ಲ. ಸೇತುವೆ ಕೆಳಗಿನ ಬಣ್ಣದ ಚಿತ್ರವನ್ನೇ ಫ್ರೇಮ್ ತುಂಬ ಹಿಡಿದು ಹಾಕಬೇಡಿ.

ಪವನಾತೀರ:
ತುಂಬಾ ಉಪಕಾರ. ಮೊಬೈಲಲ್ಲಿ 1/100 ಇಡೋದು ಎಲ್ಲಿ?

ಶಟರ್‌ಕಾಕಾ:
ಪ್ರೊ ಮೋಡ್, ಅದರಲ್ಲಿ ಶಟರ್‌ಗೆ ಎಸ್ ಅಂತಿರುತ್ತೆ. ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) ಆಟೊ ಬಿಡಿ. ಪ್ರೊ ಇಲ್ಲದಿದ್ದರೆ ಪ್ಲೇ ಸ್ಟೋರ್‌ನಲ್ಲಿ ಓಪನ್ ಕ್ಯಾಮೆರಾ ಅನ್ನೋ ಆ್ಯಪ್ ಪುಕ್ಕಟೆ ಸಿಗುತ್ತೆ, ನಿಮ್ಮ ಫೋನ್ ಒಪ್ಪಿದರೆ ಅದರಲ್ಲೂ ಶಟರ್ ಬರುತ್ತೆ.