ಎಂಜೈಮ್ ಕ್ಯಾಪ್ಸೂಲ್ ನುಂಗಿದರೂ ಮಲದಲ್ಲಿ ಜಿಡ್ಡು: ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ (ಡೊಂಬಿವಲಿ):
ವಯಸ್ಸು 58, ತೂಕ 54 ಕಿಲೋ, ಹಳೇ ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸ್ ಅಂದರೆ ಮೇದೋಜೀರಕ ಗ್ರಂಥಿಯ ದೀರ್ಘಕಾಲದ ಉರಿಯೂತ). ಮಲದ ಎಲಾಸ್ಟೇಸ್ (ಆ ಗ್ರಂಥಿಯ ಒಂದು ಎಂಜೈಮ್) 62 ಬಂದಿದೆ, ಅಂದರೆ ತುಂಬಾ ಕಡಿಮೆ. ಜಿಡ್ಡು ಒಡೆಯುವ ಎಂಜೈಮ್ ಲೈಪೇಸ್ 25000 ಯೂನಿಟ್‌ನ ಕ್ಯಾಪ್ಸೂಲ್, ಮೂರು ಹೊತ್ತು ಒಂದೊಂದು, ಊಟವಾದ ಮೇಲೆ. ಆರು ವಾರವಾಯಿತು. ಮಲ ಇನ್ನೂ ತೇಲುತ್ತದೆ, ಎರಡು ಸಲ ಫ್ಲಶ್ ಮಾಡಿದರೂ ಜಿಡ್ಡು ಅಂಟಿಕೊಂಡೇ ಇರುತ್ತದೆ. ಎಣ್ಣೆ ತುಪ್ಪ ಪೂರ್ತಿ ಬಿಟ್ಟರೂ ತೂಕ ಇಳಿಯುತ್ತಿದೆ. ಮೆಡಿಕಲ್‌ನಲ್ಲಿ ಸಿಗುವ ಅಗ್ಗದ ಎಂಜೈಮ್ ಸಿರಪ್ ಆಗುತ್ತದೆಯೇ?

ಉತ್ತರ (ಮಾಟುಂಗಾ):
ಊಟವಾದ ಮೇಲೆ ನುಂಗುವುದೇ ತಪ್ಪು ಮಾರಾಯ್ರೆ. ಒಂದು ಕ್ಯಾಪ್ಸೂಲ್ ಬಿಚ್ಚಿ ನೋಡಿ, ಒಳಗೆ ಸಣ್ಣ ಸಣ್ಣ ಕಾಳು. ಪ್ರತಿ ಕಾಳಿಗೂ ಹೊಟ್ಟೆಯ ಆಮ್ಲ ತಡೆಯುವ ಲೇಪ. ಸಣ್ಣ ಕರುಳಿನಲ್ಲಿ ಆಮ್ಲ ತಗ್ಗಿ ಪಿಎಚ್ 5.5 ದಾಟಿದಾಗ ಲೇಪ ಕರಗಿ ಎಂಜೈಮ್ ಬಿಡುಗಡೆಯಾಗುತ್ತದೆ. ಅನ್ನ ಮುಂದೆ ಹೋದಮೇಲೆ ಕಾಳು ಹೊರಟರೆ, ಫಾಸ್ಟ್ ಲೋಕಲ್ ಬಿಟ್ಟ ಮೇಲೆ ಪ್ಲಾಟ್‌ಫಾರ್ಮಿಗೆ ಓಡಿದ ಹಾಗೆ.

ಡೋಸೂ ಕಡಿಮೆಯೇ. ದೊಡ್ಡವರಿಗೆ ಶುರುವಿನಲ್ಲೇ ಊಟಕ್ಕೆ 40000ದಿಂದ 50000 ಯೂನಿಟ್, ತಿಂಡಿಗೆ ಅದರ ಅರ್ಧ ಕೊಡುತ್ತಾರೆ. ಮೇಲ್ಮಿತಿ ದಿನಕ್ಕೆ ಕಿಲೋಗೆ 10000. 54 ಕಿಲೋಗೆ 5,40,000. ನೀವು ಅದರ ಹತ್ತಿರಕ್ಕೂ ಹೋಗಿಲ್ಲ. ಡಾಕ್ಟರ ಹತ್ತಿರ ಈ ಲೆಕ್ಕ ಇಟ್ಟೇ ಮಾತಾಡಿ. ಎರಡು ಕ್ಯಾಪ್ಸೂಲ್ ಆದರೆ ಒಂದು ಮೊದಲ ತುತ್ತಿನ ಜೊತೆ, ಇನ್ನೊಂದು ಊಟದ ನಡುವೆ, ಮಜ್ಜಿಗೆ ಬರುವ ಮುಂಚೆ. ಅಗಿಯಬಾರದು, ಬಾಯಲ್ಲಿ ಉಳಿದರೆ ಹುಣ್ಣಾಗುತ್ತದೆ. ನುಂಗಲು ಆಗದಿದ್ದರೆ ಕಾಳನ್ನು ಒಂದು ಚಮಚ ನುಣ್ಣಗೆ ಅರೆದ ತಣ್ಣನೆಯ ಸೇಬಿಗೆ ಹಾಕಿ ಕೂಡಲೇ ನುಂಗಿ, ಮೇಲೆ ನೀರು ಕುಡಿಯಿರಿ. ಹಾಲಿಗೆ ಹಾಕಬೇಡಿ, ಅದರಲ್ಲಿ ಆಮ್ಲ ಸಾಲದು, ಲೇಪ ಲೋಟದಲ್ಲೇ ಕರಗುತ್ತದೆ.

ಉತ್ತರ (ಕೋಥ್ರೂಡ್, ಪುಣೆ):
ಎಣ್ಣೆ ಬಿಡಿಸಿದವರು ಯಾರ್ರೀ? ತೂಕ ಇಳಿಯೋಕೆ ಅದೂ ಒಂದು ಕಾರಣ. ಜಿಡ್ಡು ಕಡಿಮೆ ಮಾಡೋದಲ್ಲ, ಜಿಡ್ಡಿಗೆ ತಕ್ಕಷ್ಟು ಎಂಜೈಮ್ ಕೊಡಬೇಕು. ಎಣ್ಣೆ ಒಂದು ಟೀ ಚಮಚ ಅಂದ್ರೆ 5 ಗ್ರಾಂ ಹತ್ತಿರ. ಫುಲ್ ಕ್ರೀಮ್ ಹಾಲು 200 ಮಿಲಿಗೆ 12 ಗ್ರಾಂ, ಎಲ್ಲರೂ ಮರೆಯೋದು ಇದನ್ನೇ. ಮಲಗೋ ಮುಂಚೆ ಒಂದು ಲೋಟ ಕುಡಿದರೂ ಕ್ಯಾಪ್ಸೂಲ್ ಬೇಕು. ಕಟಿಂಗ್ ಚಹಾಕ್ಕೆ, ಹಣ್ಣಿಗೆ ಬೇಡ. ಮಿಸಳ್ (ಮೊಳಕೆಕಾಳಿನ ಖಾರದ ತಿಂಡಿ) ಮೇಲೆ ತೇಲೋ ಕೆಂಪು ಎಣ್ಣೆ, ತರ್ರಿ, ಕಂಡರೆ ಅದು ತಿಂಡಿ ಲೆಕ್ಕ ಅಲ್ಲ, ಊಟದ ಲೆಕ್ಕ. ತವುಡು, ಇಸಬಗೋಲ್ ಅತಿ ಮಾಡಬೇಡಿ, ನಾರು ಹೆಚ್ಚಾದರೆ ಲೈಪೇಸ್‌ಗೆ ಅಡ್ಡಿ.

ಸಕ್ಕರೆ ಕಾಯಿಲೆ ಇದ್ದರೆ ಹುಷಾರು. ಊಟ ಮೈಗೆ ಹತ್ತತೊಡಗಿದಾಗ ಶುಗರ್ ಏರಬಹುದು, ಇನ್ಸುಲಿನ್ ಮತ್ತೆ ಹೊಂದಿಸಬೇಕಾಗುತ್ತೆ. ವಿಟಮಿನ್ ಎ, ಡಿ, ಇ, ಕೆ ಜಿಡ್ಡಿನ ಜೊತೆ ಸೋರಿ ಹೋಗಿರ್ತಾವೆ. ರಕ್ತ ಪರೀಕ್ಷೆ ಜೊತೆ ಮೂಳೆಯ ಗಟ್ಟಿತನ ನೋಡೋ ಡೆಕ್ಸಾ ಸ್ಕ್ಯಾನೂ ಆಗಲಿ.

ಉತ್ತರ (ಥಾಣೆ, ಔಷಧಿ ಅಂಗಡಿ):
ಸಿರಪ್ ಬೇಡವೇ ಬೇಡ. ಅವುಗಳಲ್ಲಿ ಸಾಮಾನ್ಯವಾಗಿ ಇರುವುದು ಫಂಗಲ್ ಡಯಾಸ್ಟೇಸ್, ಪೆಪ್ಸಿನ್. ಮೊದಲನೆಯದು ಪಿಷ್ಟಕ್ಕೆ, ಎರಡನೆಯದು ಪ್ರೋಟೀನಿಗೆ. ಜಿಡ್ಡು ಒಡೆಯುವ ಲೈಪೇಸ್ ಇರುವುದಿಲ್ಲ. ಕ್ರಿಯಾನ್ ಮುಂತಾದ ಲೈಪೇಸ್ ಕ್ಯಾಪ್ಸೂಲ್‌ಗಳಲ್ಲಿರುವ ಎಂಜೈಮ್ ಮಿಶ್ರಣ, ಪ್ಯಾಂಕ್ರಿಯಾಟಿನ್, ಹಂದಿಯದು. ಸಸ್ಯಾಹಾರಿಗಳಿಗೂ ಮುಸ್ಲಿಮರಿಗೂ ಮೊದಲೇ ಹೇಳುವುದು ಒಳ್ಳೆಯದು, ಆಮೇಲೆ ತಿಳಿದು ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ.

ಲೇಬಲ್ಲಿನ ತಾಪಮಾನ ಓದಿ. ಮೇ ತಿಂಗಳಲ್ಲಿ ಗ್ಯಾಸ್ ಒಲೆ ಮೇಲಿನ ಶೆಲ್ಫ್ ಬೇಡ. ಜೂನ್-ಜುಲೈಯ ತೇವಕ್ಕೆ ಮುಚ್ಚಳ ಬಿಗಿಯಾಗಿರಲಿ, ಒಳಗೆ ಸಿಲಿಕಾ ಪುಡಿಕೆ ಇದ್ದರೆ ಅಲ್ಲೇ ಇರಲಿ.

ಹೊತ್ತು, ಡೋಸ್ ಎರಡೂ ಸರಿಯಾಗಿ ಜಿಡ್ಡು ನಿಲ್ಲದಿದ್ದರೆ ಡಾಕ್ಟರು ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ತರಹದ್ದು ಸೇರಿಸಬಹುದು. ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದೆಯೇ ಎಂದೂ ನೋಡಿಸಿ. ಎಲಾಸ್ಟೇಸ್ ಮತ್ತೆ ಮಾಡಿಸುವುದಾದರೆ ಕ್ಯಾಪ್ಸೂಲ್ ನಿಲ್ಲಿಸಬೇಕಿಲ್ಲ, ಆ ಪರೀಕ್ಷೆ ಮನುಷ್ಯರದ್ದನ್ನಷ್ಟೇ ಅಳೆಯುತ್ತದೆ. ಆದರೆ ನೀರು ಭೇದಿಯ ದಿನ ಸ್ಯಾಂಪಲ್ ಕೊಡಬೇಡಿ, ಸುಳ್ಳು ಕಡಿಮೆ ಬರುತ್ತದೆ.

ಪ್ರಶ್ನೆ ಕೇಳಿದವರು:
ಅರ್ಧ ಊಟವಾದ ಮೇಲೆ ನೆನಪಾದರೆ?

ಮಾಟುಂಗಾ:
ಕೂಡಲೇ ನುಂಗಿ. ಊಟ ಮುಗಿದು ತಾಸಾಗಿದ್ದರೆ ಬಿಟ್ಟುಬಿಡಿ, ಮುಂದಿನ ಊಟಕ್ಕೆ ಎರಡರಷ್ಟು ಮಾಡಬೇಡಿ. ಎರಡು ಕ್ಯಾಪ್ಸೂಲ್ ಡಬ್ಬಾದ ಚೀಲದಲ್ಲೇ ಇಟ್ಟಿರಿ.