ವೇಸಾಕ್ ದಿನ ಮಕ್ಕಳೊಂದಿಗೆ ಬೌದ್ಧ ವಿಹಾರಕ್ಕೆ ಹೋಗುವವರಿಗೆ

ಸಿಂಗಪುರಕ್ಕೆ ಹೊಸದಾಗಿ ಬಂದ ತಾಯಿಯೊಬ್ಬರು ಗುಂಪಿನಲ್ಲಿ ಕೇಳಿದ್ದಾರೆ: ವೇಸಾಕ್‌ಗೆ, ಅಂದರೆ ಇಲ್ಲಿನ ಬುದ್ಧ ಪೂರ್ಣಿಮೆಗೆ, ಶಾಲೆಗೆ ರಜೆ, ಪಕ್ಕದ ಮನೆಯ ಚೀನೀ ಅಜ್ಜಿ ಬುದ್ಧನ ದೇವಸ್ಥಾನಕ್ಕೆ ಕರೆದಿದ್ದಾರೆ, ಮಕ್ಕಳೊಂದಿಗೆ ಹೋಗಬಹುದೇ? ಖಂಡಿತ ಹೋಗಿ. ಕರೆದವರ ಜೊತೆಯಲ್ಲೇ ಹೋಗಿ. ಅವರು ಮಾಡಿದಂತೆ ಮಾಡಿದರೆ ಅರ್ಧ ರೀತಿ ರಿವಾಜು ತಾನಾಗಿಯೇ ಬರುತ್ತದೆ.

ನಾವು ಮೊದಲ ವರ್ಷ ಬ್ರೈಟ್ ಹಿಲ್‌ನ ಕೋಂಗ್ ಮೆಂಗ್ ಸಾನ್ ವಿಹಾರಕ್ಕೆ ನಾವಾಗಿಯೇ ಹೋಗಿದ್ದೆವು. ಅಲ್ಲಿ ಭಕ್ತರು ಮೂರು ಹೆಜ್ಜೆಗೊಮ್ಮೆ ಮಂಡಿಯೂರಿ, ಹಣೆಯನ್ನು ನೆಲಕ್ಕೆ ಮುಟ್ಟಿಸುತ್ತಾ ಸುಮಾರು ಎರಡು ಗಂಟೆ ಪ್ರದಕ್ಷಿಣೆ ಬರುತ್ತಾರೆ. ನಮ್ಮ ಉರುಳುಸೇವೆಯ ಶ್ರದ್ಧೆಯೇ ಅದು. ನನ್ನ ಮಗ ವಿಡಿಯೊ ಮಾಡಲು ಮೊಬೈಲ್ ಹಿಡಿದು ದಾರಿಯ ನಡುವೆಯೇ ನಿಂತುಬಿಟ್ಟ. ಹಣೆ ಊರಿದ್ದ ವೃದ್ಧೆಯೊಬ್ಬರು ಅವನು ಸರಿಯುವವರೆಗೆ ಏಳದೆ ಹಾಗೆಯೇ ಕಾದರು. ಒಂದು ಮಾತನ್ನೂ ಆಡಲಿಲ್ಲ. ಅದನ್ನು ನೆನೆದರೆ ಇಂದಿಗೂ ಮನಸ್ಸು ಮುದುಡುತ್ತದೆ. ತಪ್ಪು ನನ್ನದು, ಹೊರಡುವ ಮೊದಲೇ ಅವನಿಗೆ ಹೇಳಬೇಕಿತ್ತು.

ಮುಂದಿನ ವರ್ಷ ಅತ್ತೆಯವರೂ ಊರಿನಿಂದ ಬಂದಿದ್ದರು. ಆ ಸಲ ನೋಡುವುದಕ್ಕಿಂತ ಕೈಯಾರೆ ಏನಾದರೂ ಮಾಡೋಣವೆಂದು ಬುದ್ಧನಿಗೆ ಸ್ನಾನ ಮಾಡಿಸುವ ಸಾಲಿನಲ್ಲಿ ನಿಂತೆವು. ಹೂವುಗಳ ನಡುವೆ ಅಗಲವಾದ ಬೋಗುಣಿ, ಅದರಲ್ಲಿ ಪುಟ್ಟ ಶಿಶು ಬುದ್ಧ. ಒಂದು ಕೈ ಆಕಾಶವನ್ನು ತೋರಿಸುತ್ತದೆ, ಇನ್ನೊಂದು ನೆಲವನ್ನು. ಉದ್ದ ಹಿಡಿಯ ಸೌಟಿನಿಂದ ಪರಿಮಳದ ನೀರನ್ನು ಅವನ ಭುಜದ ಮೇಲೆ ನಿಧಾನವಾಗಿ ಸುರಿಯಬೇಕು. ಆರು ವರ್ಷದ ಮಗಳು ಉಸಿರು ಬಿಗಿಹಿಡಿದು, ಒಂದು ಹನಿಯೂ ಹೊರಗೆ ಚೆಲ್ಲದಂತೆ ಸುರಿದಳು. ಆಮೇಲೆ ಕೇಳಿದಳು, "ಅಜ್ಜಿ, ಬುದ್ಧ ಚೀನಾದವನಾ?" ಅತ್ತೆ ಹೇಳಿದರು, "ನಮ್ಮ ಕಡೆಯವನೇ ಪುಟ್ಟಿ. ಇವರು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾರೆ ನೋಡು."

ಊಟದ ವಿಷಯದಲ್ಲಿ ಅತ್ತೆಗೆ ಅಳುಕಿತ್ತು. ಚೀನೀ ಬೌದ್ಧರ ಸಸ್ಯಾಹಾರದಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ನಿಷಿದ್ಧ ಎಂದು ತಿಳಿದ ಮೇಲೆ ಅಣಬೆ ಹಾಕಿದ ಅಕ್ಕಿ ಶಾವಿಗೆಯನ್ನು ಎರಡನೇ ಬಾರಿ ಬಡಿಸಿಕೊಂಡರು. ಮಾಂಸದಂತೆಯೇ ಕಾಣುವ ಸೋಯಾ ತುಂಡುಗಳೂ ತಟ್ಟೆಗೆ ಬರುತ್ತವೆ, ಹಿರಿಯರಿಗೆ ಮೊದಲೇ ತಿಳಿಸಿಡಿ.

ಎಲ್ಲ ವಿಹಾರಗಳ ಪದ್ಧತಿ ಒಂದೇ ಅಲ್ಲ. ಶ್ರೀಲಂಕಾದವರ ಶ್ರೀ ಲಂಕಾರಾಮಯದಲ್ಲಿ ಪಾದರಕ್ಷೆ ಹೊರಗೆ ಬಿಡಬೇಕು, ಹೆಚ್ಚಿನವರು ಬಿಳಿಯ ಬಟ್ಟೆ ಉಟ್ಟು ಬರುತ್ತಾರೆ. ತೋಳು, ಮಂಡಿ ಮುಚ್ಚುವ ಉಡುಪು ಎಲ್ಲೆಡೆಯೂ ಒಳ್ಳೆಯದು. ಶ್ರೀಲಂಕಾ, ಥಾಯ್ಲೆಂಡ್ ಕಡೆಯ ಥೇರವಾದ ಪಂಥದ ಭಿಕ್ಷುಗಳನ್ನು ಹೆಂಗಸರು ಮುಟ್ಟುವುದಿಲ್ಲ, ಥಾಯ್ ಪದ್ಧತಿಯಲ್ಲಿ ಅವರ ಕೈಗೆ ನೇರವಾಗಿ ಏನನ್ನೂ ಕೊಡುವುದೂ ಇಲ್ಲ. ಭಿಕ್ಷುಗಳಿಗೆ ಊಟ ನೀಡುವುದಾದರೆ ಮಧ್ಯಾಹ್ನ ಹನ್ನೆರಡರೊಳಗೆ ನೀಡಿ, ಆಮೇಲೆ ಅವರು ಉಣ್ಣುವುದಿಲ್ಲ. ಕುಳಿತಾಗ ಪಾದಗಳು ವಿಗ್ರಹದ ಕಡೆ ಚಾಚದಿರಲಿ. ವಿಗ್ರಹಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆಯುವುದಂತೂ ಬೇಡವೇ ಬೇಡ.

ಪುಣ್ಯವೆಂದು ಆಮೆ, ಹಕ್ಕಿಗಳನ್ನು ಕೊಂಡು ಬಿಡುಗಡೆ ಮಾಡುವವರು ಹಿಂದೆ ಬಹಳ ಇದ್ದರು. ಸಾಕಿದ ಪ್ರಾಣಿ ಕಾಡಿನಲ್ಲಿ ಬದುಕುವುದು ಕಷ್ಟ, ಅಲ್ಲಿನ ಜೀವಿಗಳಿಗೂ ತೊಂದರೆ. ಹಾಗೆ ಬಿಡಬೇಡಿರೆಂದು ಇಲ್ಲಿನ ಉದ್ಯಾನ ಇಲಾಖೆ ಹಬ್ಬದ ಹೊತ್ತಿಗೆ ತಿಳಿಹೇಳುತ್ತದೆ. ಮಕ್ಕಳು ಕೇಳಿದರೆ ಕಾರಣವನ್ನು ಬಿಡಿಸಿ ಹೇಳಿ.

ದಿನಾಂಕವನ್ನು ಊರಿನ ಕ್ಯಾಲೆಂಡರಿನಲ್ಲಿ ನೋಡಬೇಡಿ. 2023ರಲ್ಲಿ ನಮ್ಮ ಬುದ್ಧ ಪೂರ್ಣಿಮೆ ಮೇ 5ಕ್ಕೆ, ಇಲ್ಲಿನ ವೇಸಾಕ್ ಜೂನ್ 2ಕ್ಕೆ ಬಂದಿತ್ತು. ಚೀನೀ ಪಂಚಾಂಗದ ಅಧಿಕ ಮಾಸ ಆಗಲೇ ಮುಗಿದಿತ್ತು, ನಮ್ಮ ಅಧಿಕ ಶ್ರಾವಣ ಇನ್ನೂ ಬರಬೇಕಿತ್ತು. ಮೂರು ಹೆಜ್ಜೆಯ ಪ್ರದಕ್ಷಿಣೆಗೆ ಮುಂಚಿತವಾಗಿಯೇ ಹೆಸರು ನೋಂದಾಯಿಸಬೇಕು. ಈ ವರ್ಷ ಮಗ ತಾನೂ ನಡೆಯುತ್ತೇನೆ ಎಂದಿದ್ದಾನೆ. ಮಂಡಿಗೆ ಕಟ್ಟಿಕೊಳ್ಳುವ ಮೆತ್ತೆ ತಂದಿಟ್ಟಿದ್ದೇನೆ, ಮೊಬೈಲ್ ಮನೆಯಲ್ಲೇ ಇರುತ್ತದೆ.